ಲ್ಯಾಪ್‌ಟಾಪ್ ರಿಸೆಟ್ ಮಾಡಬೇಕು, ಫೋಟೊಗಳನ್ನು ನೀವೆಲ್ಲ ಹೇಗೆ ಉಳಿಸಿಕೊಂಡಿರಿ?

ವಿರಾಜಪೇಟೆಯಿಂದ ಕೇಳುತ್ತಿದ್ದೇನೆ. ಐದು ವರ್ಷದ ಲ್ಯಾಪ್‌ಟಾಪ್, ವಿಂಡೋಸ್ 11. ಆನ್ ಮಾಡಿ, ಒಳಗೆ ಹೋಗಿ ಕಾಫಿ ಕಾಸಿ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತದೆ. ರಿಸೆಟ್ ಮಾಡಿದರೆ, ಅಂದರೆ ವಿಂಡೋಸನ್ನು ಹೊಸದಾಗಿ ಹಾಕಿದರೆ, ಸರಿಹೋಗುತ್ತದೆ ಅಂತ ರಿಪೇರಿ ಅಂಗಡಿಯವರು ಹೇಳಿದರು. ಅದರಲ್ಲಿ ಹತ್ತಿರ ಹತ್ತಿರ 60 ಜಿಬಿ ಫೋಟೊ ಇದೆ. ಮಗಳು ಚಿಕ್ಕವಳಿದ್ದಾಗಿನವು, ಕುಟುಂಬದ ಮೂಲಮನೆಯಾದ ಐನ್‌ಮನೆಯ ಹುತ್ತರಿ ಹಬ್ಬ, ತೀರಿಹೋದ ನಮ್ಮ ಮಾವ ಕಣದಲ್ಲಿ ಕಾಫಿ ಹರಡುತ್ತಿರುವುದು. ಬೇರೆ ಏನು ಹೋದರೂ ಪರವಾಗಿಲ್ಲ, ಇವು ಹೋಗಬಾರದು. ಮಾಡಿ ಅನುಭವ ಇದ್ದವರು ಹೇಳಿ.

ಗೋಣಿಕೊಪ್ಪದಿಂದ:
ಅಕ್ಕ, ಮೊದಲು ನನ್ನ ಪೆದ್ದುತನ ಕೇಳಿ. ಡೆಸ್ಕ್‌ಟಾಪ್ ಮೇಲೆ ಫೋಟೊಗಳ ಫೋಲ್ಡರ್ ಇತ್ತು. ಅದನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಪರವಾಗಿಲ್ವೇ, ಹೊಸ ಪೆನ್‌ಡ್ರೈವ್ ಭಾರಿ ಫಾಸ್ಟ್ ಅಂದುಕೊಂಡೆ. ರಿಸೆಟ್‌ನಲ್ಲಿ ಎಲ್ಲ ಅಳಿಸುವ 'ರಿಮೂವ್ ಎವೆರಿಥಿಂಗ್' ಒತ್ತಿದೆ. ಸಂಜೆ ಪೆನ್‌ಡ್ರೈವ್ ಹಾಕಿ ನೋಡಿದರೆ ಅದೇ ಹಳದಿ ಫೋಲ್ಡರ್, ಎಡಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಣ. ಸೈಜ್ 2 ಕೆಬಿ. ನಾನು ಕಾಪಿ ಮಾಡಿದ್ದು ಬರೀ ಶಾರ್ಟ್‌ಕಟ್! ಮನೆಯ ವಿಳಾಸ ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮನೆಯನ್ನೇ ಕೆಡವಿದ ಹಾಗಾಯಿತು. ತಂಗಿಯ ಮದುವೆ ಫೋಟೊ ಪೂರ್ತಿ ಹೋಯಿತು. ತಂಗಿ ಈಗಲೂ ಹುಟ್ಟುಹಬ್ಬಕ್ಕೆ ನನಗೆ ಪೆನ್‌ಡ್ರೈವ್ ಕೊಡುತ್ತಾಳೆ.

60 ಜಿಬಿ ಅಂದರೆ ಕಾಪಿಗೆ ಸುಮಾರು ಹೊತ್ತು ಬೇಕು. ಬೇಗ ಮುಗಿದರೆ ಖುಷಿಪಡಬೇಡಿ, ಅನುಮಾನಪಡಿ.

ಕುಶಾಲನಗರದಿಂದ:
ಇಷ್ಟೆಲ್ಲ ಯಾಕೆ? 'ಕೀಪ್ ಮೈ ಫೈಲ್ಸ್' ಅಂತ ಇದೆಯಲ್ಲ, ಅದನ್ನು ಒತ್ತಿ. ನಾನು ಎರಡು ಸಲ ಮಾಡಿದ್ದೇನೆ, ಏನೂ ಆಗಿಲ್ಲ.

ಮಡಿಕೇರಿಯಿಂದ:
ಹತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಕುಶಾಲನಗರದ ಅಣ್ಣ ಹೇಳಿದ್ದು ಸುಳ್ಳಲ್ಲ. 'ಕೀಪ್ ಮೈ ಫೈಲ್ಸ್' ಒತ್ತಿದರೆ ಪಿಕ್ಚರ್ಸ್, ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್‌ನಲ್ಲಿ ಇರುವುದು ಉಳಿಯಬೇಕು. ಆದರೆ ನಾವು ಹಾಕಿಕೊಂಡ ಆ್ಯಪ್‌ಗಳೆಲ್ಲ ಹೋಗುತ್ತವೆ. ಆ್ಯಪ್ ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡ ಫೋಟೊಗಳೂ ಜೊತೆಗೇ ಹೋಗುತ್ತವೆ. ವಾಟ್ಸಾಪ್‌ನಲ್ಲಿ ಬಂದು, ನೀವು ಬೇರೆ ಕಡೆ ಸೇವ್ ಮಾಡದೆ ಬಿಟ್ಟವನ್ನು ಮೊದಲೇ ತೆಗೆದಿಡಿ. ಇನ್ನೊಂದು, ರಿಸೆಟ್ ಅರ್ಧಕ್ಕೆ ನಿಂತರೆ ಆ ಬಟನ್ ನಿಮ್ಮನ್ನು ಕಾಪಾಡುವುದಿಲ್ಲ. ನಮ್ಮೂರಿನ ಕರೆಂಟ್ ಗೊತ್ತಲ್ಲ. ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ರಿಸೆಟ್ ಮಾಡುವಾಗ, ವಿಂಡೋಸನ್ನು ನೆಟ್‌ನಿಂದ ಇಳಿಸಿಕೊಳ್ಳುವ 'ಕ್ಲೌಡ್ ಡೌನ್‌ಲೋಡ್' ಬೇಕಾ, ಲ್ಯಾಪ್‌ಟಾಪ್‌ನಲ್ಲಿ ಇರುವುದರಿಂದಲೇ ಹಾಕುವ 'ಲೋಕಲ್ ರೀಇನ್‌ಸ್ಟಾಲ್' ಬೇಕಾ ಅಂತಲೂ ಕೇಳುತ್ತದೆ. ಕ್ಲೌಡ್ ಅಂದರೆ 4 ಜಿಬಿಗಿಂತ ಜಾಸ್ತಿ ಇಳಿಸಿಕೊಳ್ಳಬಹುದು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡುವವರಿಗೆ ಲೋಕಲ್ ಸಾಕು.

ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಯಾರೂ ಓದಲಾಗದಂತೆ ಡಿಸ್ಕ್‌ಗೆ ಹಾಕುವ ಬೀಗ) ಆನ್ ಇದೆಯಾ ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಓನರಿಗೇ ಗೊತ್ತಿಲ್ಲದೆ ಆನ್ ಆಗಿರುತ್ತದೆ. ಮಧ್ಯದಲ್ಲಿ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಈಗಲೇ ಪೇಪರ್ ಮೇಲೆ ಬರೆದಿಡಿ. ಲ್ಯಾಪ್‌ಟಾಪಿನಲ್ಲೇ ಸೇವ್ ಮಾಡಿ ಬಂದವರೂ ಇದ್ದಾರೆ, ನಗಬೇಡಿ.

ಅಳಿಸಿಹೋದರೆ ಸಾಫ್ಟ್‌ವೇರ್ ಹಾಕಿ ತೆಗೆಯಬಹುದು ಅನ್ನುವುದು ಹಳೆಯ ಕಾಲದ ಧೈರ್ಯ. ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ, ಮೇಲೆ ಬೇರೆ ಏನೂ ಬರೆಯದಿದ್ದರೆ, ಒಂದಷ್ಟು ಸಿಗುತ್ತಿತ್ತು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಡಿಸ್ಕ್ ಹಾಗಲ್ಲ. ಅಳಿಸಿದ ಜಾಗವನ್ನು ಅದೇ ತೊಳೆದು ಖಾಲಿ ಮಾಡಿಕೊಳ್ಳುತ್ತದೆ. ಗೋಣಿಕೊಪ್ಪದ ತಮ್ಮನ ಫೋಟೊ ಸಿಗದೆ ಹೋಗಿದ್ದಕ್ಕೆ ಅದೇ ಕಾರಣ ಇರಬೇಕು.

ಸೋಮವಾರಪೇಟೆಯಿಂದ:
ಒನ್‌ಡ್ರೈವ್ (ಫೈಲ್‌ಗಳನ್ನು ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಜಾಗ) ಇದ್ದರೆ ಇದನ್ನೂ ನೋಡಿ. ನನ್ನ ಪಿಕ್ಚರ್ಸ್ ಫೋಲ್ಡರ್‌ನಲ್ಲಿ ಎಲ್ಲ ಫೋಟೊ ಕಾಣುತ್ತಿತ್ತು. ಹಾರ್ಡ್‌ಡಿಸ್ಕ್‌ಗೆ ಹಾಕಲು ಹೋದರೆ ಒಂದಾದ ಮೇಲೊಂದು ಎರರ್. ಜುಲೈ ತಿಂಗಳು, ಮರ ಬಿದ್ದು ಮೂರು ದಿನದಿಂದ ನೆಟ್ ಇಲ್ಲ. ಆಮೇಲೆ ಗೊತ್ತಾಯಿತು, ಫೋಟೊ ಪಕ್ಕದಲ್ಲಿ ಮೋಡದ ಚಿತ್ರ ಇದ್ದರೆ ಅದು ಲ್ಯಾಪ್‌ಟಾಪ್‌ನಲ್ಲಿ ಇಲ್ಲವೇ ಇಲ್ಲ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಕೊಟ್ಟು, ಎಲ್ಲ ಹಸಿರು ಟಿಕ್ ಆಗುವವರೆಗೆ ಕಾದು, ಆಮೇಲೆ ಕಾಪಿ ಮಾಡಿ. ಪುಕ್ಕಟೆ ಸಿಗುವುದು 5 ಜಿಬಿ ಮಾತ್ರ. ಗೂಗಲ್‌ನಲ್ಲಿ 15, ಅದೂ ಜಿಮೇಲ್ ಎಲ್ಲ ಸೇರಿ. ನಿಮ್ಮ 60ಕ್ಕೆ ಎರಡೂ ಸಾಲದು.

ಮಡಿಕೇರಿಯಿಂದ, ಇನ್ನೊಬ್ಬರು:
ನಾನು ರಿಟೈರ್ಡ್ ಮೇಷ್ಟ್ರು, ಕಂಪ್ಯೂಟರ್ ಅಷ್ಟಕ್ಕಷ್ಟೆ. ಒಂದು ಮಾತು ಹೇಳಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮಕ್ಕಂದೂರು ಕಡೆಯ ನಮ್ಮ ನೆಂಟರು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಬುದ್ಧಿವಂತರು, ಫೋಟೊಗಳನ್ನು ಹಾರ್ಡ್‌ಡಿಸ್ಕ್‌ಗೂ ಹಾಕಿಟ್ಟಿದ್ದರು. ಆದರೆ ಲ್ಯಾಪ್‌ಟಾಪ್, ಹಾರ್ಡ್‌ಡಿಸ್ಕ್, ಮದುವೆ ಆಲ್ಬಂ ಮೂರೂ ಒಂದೇ ಬೀರುವಿನಲ್ಲಿ ಇದ್ದವು. ಈಗ ಅವರ ಬಳಿ ಇರುವುದು ನಾವೆಲ್ಲ ನಮ್ಮ ಫೋನ್‌ಗಳಿಂದ ಹುಡುಕಿ ಕಳಿಸಿದ ಫೋಟೊಗಳು.

ಅದಾದ ಮೇಲೆ ನಮ್ಮದೊಂದು ಹಾರ್ಡ್‌ಡಿಸ್ಕ್ ಮೈಸೂರಿನಲ್ಲಿ ಮಗನ ಮನೆಯಲ್ಲಿದೆ. ಇಲ್ಲಿರುವುದನ್ನು ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟಿದ್ದೇನೆ. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟ್‌ಗೇ ಬೂಷ್ಟು ಬರುತ್ತದೆ. ನನ್ನ ಹಳೆಯ ಸಿಡಿಗಳ ಮೇಲೆ ಜೇಡರ ಬಲೆಯ ಹಾಗೆ ಫಂಗಸ್ ಕಟ್ಟಿತ್ತು, ಒರೆಸಿದರೂ ಓದಲಿಲ್ಲ.

ವಿರಾಜಪೇಟೆಯಿಂದ, ಪ್ರಶ್ನೆ ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ 1 ಟಿಬಿಯ ಎರಡು ಹಾರ್ಡ್‌ಡಿಸ್ಕ್ ತಂದೆ. ಮೋಡದ ಗುರುತಿನವು ನಮ್ಮಲ್ಲೂ ಇದ್ದವು! ಎಲ್ಲ ಇಳಿಸಿಕೊಂಡು ಕಾಪಿಗೆ ಹಾಕಿ, ಮಗಳನ್ನು ಕಾವಲಿಗೆ ಕೂರಿಸಿ ಅಡುಗೆಗೆ ಹೋದೆ. ಮುಗಿದ ಮೇಲೆ ಪ್ರಾಪರ್ಟೀಸ್‌ನಲ್ಲಿ ಲೆಕ್ಕ ನೋಡಿದರೆ ಲ್ಯಾಪ್‌ಟಾಪ್‌ನಲ್ಲಿ 14,206 ಫೈಲ್, ಹಾರ್ಡ್‌ಡಿಸ್ಕ್‌ನಲ್ಲಿ 14,203. ಎದೆ ಧಸಕ್ ಅಂದಿತು. ಮಧ್ಯದಲ್ಲಿ ಅದು ಏನೋ ಕೇಳಿತಂತೆ, ಇವಳು 'ಸ್ಕಿಪ್' ಒತ್ತಿದ್ದಾಳೆ. ಒಂದೊಂದೇ ಫೋಲ್ಡರ್ ಹೋಲಿಸಿ ರಾತ್ರಿ ಹನ್ನೊಂದಕ್ಕೆ ಸಿಕ್ಕವು. ಮೂರೂ ನಮ್ಮ ನಾಯಿ ನಿದ್ದೆ ಮಾಡುತ್ತಿರುವ ಫೋಟೊ. ಅವನ್ನೂ ಹಾಕಿದೆ, ಬಿಡಲಿಲ್ಲ.

ಹಾರ್ಡ್‌ಡಿಸ್ಕ್‌ಗಳನ್ನು ಯಜಮಾನರ ಆಫೀಸ್ ಲ್ಯಾಪ್‌ಟಾಪ್‌ಗೆ ಹಾಕಿ ಅಲ್ಲಲ್ಲಿ ಫೋಟೊ ತೆರೆದು ನೋಡಿದೆವು. ಮಾವ ಕಣದಲ್ಲಿ ನಿಂತಿರುವುದು ಎರಡರಲ್ಲೂ ಇದೆ. ಒಂದನ್ನು ನಾಳೆ ಬಸ್ಸಿಗೆ ಹೋಗುವ ನಾದಿನಿಯ ಕೈಯಲ್ಲಿ ಮೈಸೂರಿಗೆ ಕಳಿಸುತ್ತೇನೆ. ರಿಸೆಟ್ ಇವತ್ತೇ ಮಾಡೋಣ ಅಂತ ಕೂತೆ, ಕರೆಂಟ್ ಹೋಯಿತು. ಬ್ಯಾಟರಿ 31 ಪರ್ಸೆಂಟ್ ತೋರಿಸುತ್ತಿದೆ. ಮುಚ್ಚಿಟ್ಟಿದ್ದೇನೆ.