1984ರ ಆಪ್ಟಿಮಸ್ ಪ್ರೈಮ್ ಇದೆ; ಹೊಸದರಲ್ಲಿ ಯಾವುದು ಒಳ್ಳೆಯದು?

ಕೆಂಪು ಲಾರಿ: ಚಿಕ್ಕಪ್ಪ ದುಬೈನಿಂದ ತಂದುಕೊಟ್ಟ ಹಳೆಯ ಆಪ್ಟಿಮಸ್ ಪ್ರೈಮ್, ಅಂದರೆ ಲಾರಿಯಾಗಿ ಮಡಚುವ ಟ್ರಾನ್ಸ್‌ಫಾರ್ಮರ್ಸ್ ರೋಬೋಟ್ ಆಟಿಕೆ, ಈಗಲೂ ನನ್ನ ಬೀರುವಿನಲ್ಲಿದೆ. ಬಿಡಿಯಾಗಿ ಸಿಕ್ಕಿಸುವ ಮುಷ್ಟಿಗಳು ಎಂದೋ ಕಳೆದುಹೋಗಿವೆ. ಮಾಸ್ಟರ್‌ಪೀಸ್ (ಎಂಪಿ) ಸರಣಿಯ ಹೊಸ ಆಪ್ಟಿಮಸ್‌ಗಳಾದ ಎಂಪಿ-10, ಎಂಪಿ-44, ಯಾವುದನ್ನು ಕೊಳ್ಳಲಿ? ಅಲಂಕಾರಕ್ಕಲ್ಲ, ಮಗಳ ಜೊತೆ ಕುಳಿತು ಮಡಚಿ ಬಿಡಿಸಬೇಕು.

ಮಡಿಕೆಗಾರ: ಎರಡೂ ನನ್ನ ಬಳಿ ಇವೆ. ಎಂಪಿ-10 ಕೊಳ್ಳಿ. 2011ರಲ್ಲಿ ಬಂದ ಇದರ ಮುಷ್ಟಿಗಳು ಮುಂಗೈಯೊಳಗೇ ಮಡಚಿಕೊಳ್ಳುತ್ತವೆ, ಕಳೆಯುವ ಮಾತೇ ಇಲ್ಲ. ಎದೆ ತೆರೆದರೆ ಒಳಗೆ ಮೇಟ್ರಿಕ್ಸ್, ಅಂದರೆ ಕಥೆಯಲ್ಲಿ ಅವನು ಎದೆಯಲ್ಲಿ ಹೊತ್ತಿರುವ ಶಕ್ತಿವಸ್ತು, ಇರುತ್ತದೆ. ಹಳೆಯದರಲ್ಲಿ ಅದಿರಲಿಲ್ಲ, ಆ ಆಟಿಕೆ ಜಪಾನಿನ ತಕಾರಾ ಕಂಪನಿಯ ಡಯಾಕ್ಲೋನ್ ಎಂಬ ಹಿಂದಿನ ಆಟಿಕೆ ಸರಣಿಯಿಂದ ಬಂದದ್ದು, ಅಲ್ಲಿ ಕ್ಯಾಬಿನ್ ಇದ್ದದ್ದು ಪುಟ್ಟ ಚಾಲಕ ಗೊಂಬೆಗಳಿಗಾಗಿ. 2019ರ ಎಂಪಿ-44 ಕಾರ್ಟೂನಿನಿಂದಲೇ ಎದ್ದು ಬಂದಂತಿದೆ, ನಿಜ. ಆದರೆ ಅದನ್ನು ಲಾರಿಯಾಗಿಸಲು ಮೊದಲ ಸಲ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ತೆಳ್ಳನೆಯ ಫಲಕಗಳು ಒಂದರೊಳಗೊಂದು ಸರಿಯುವಾಗ ಉಸಿರು ಬಿಗಿಹಿಡಿದೆ. ಮಕ್ಕಳ ಕೈಗೆ ಅದು ಬೇಡ.

ಹಳೆಯ ತಿರುಪು: ನನ್ನದೂ ಅದೇ ಮಾತು. ಅಳತೆ ಹಿಗ್ಗಿಸಿದ ನಕಲಿಗಳೂ ಮಾರಾಟಕ್ಕಿವೆ, ನೋಡಿ ಕೊಳ್ಳಿ. ಎಂಪಿ-10ರ ಟ್ರೇಲರಿನೊಳಗೆ ಎಂಪಿ ಸರಣಿಯದೇ ಒಂದು ಕಾರು ನಿಲ್ಲುತ್ತದೆ. ಮಗಳಿಗೆ ಅದು ಖಂಡಿತ ಹಿಡಿಸುತ್ತದೆ.

ಕೆಂಪು ಲಾರಿ: ಹಾಗಾದರೆ ಎಂಪಿ-10. ಮುಷ್ಟಿಯಿಲ್ಲದ ಹಳೆಯವನನ್ನೂ ಅದರ ಪಕ್ಕದಲ್ಲೇ ನಿಲ್ಲಿಸುತ್ತೇನೆ.