ಕರೆಂಟ್ ಹೋಗಿ ಬಂದ ಮೇಲೆ ರೇಡ್ 5 ಏಳುತ್ತಿಲ್ಲ, ಯಾರಿಗಾದರೂ ಹೀಗಾಗಿತ್ತಾ?

ಧಾರವಾಡ, ಸಪ್ತಾಪುರ (ಕೇಳಿದವರು):
ಮನೆಯ ಸರ್ವರ್‌ನಲ್ಲಿ 4 ಟಿಬಿಯ ನಾಲ್ಕು ಡಿಸ್ಕ್, ಲಿನಕ್ಸ್ ರೇಡ್ 5 (ನಾಲ್ಕೂ ಸೇರಿ ಒಂದೇ ಅರೇ, ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ). ನಿನ್ನೆ ಮಳೆಗೆ ಕರೆಂಟ್ ಹೋಗಿ ಬಂತು. ಈಗ ಒಂದು ಡಿಸ್ಕ್ ಕಾಣುತ್ತಿಲ್ಲ, ಅರೇ ‘ಇನ್‌ಆಕ್ಟಿವ್’ ಅನ್ನುತ್ತಿದೆ. ಅಪ್ಪಾಜಿ ಬೈಠಕ್‌ಗಳಲ್ಲಿ ಕ್ಯಾಸೆಟ್‌ಗೆ ತುಂಬಿಕೊಂಡ ಹಾಡುಗಳೆಲ್ಲ ಅದರಲ್ಲೇ ಇವೆ. ಬೇರೆ ನಕಲಿಲ್ಲ. ನೀವೇನು ಮಾಡಿದಿರಿ ಹೇಳಿ.

ಗದಗ, ಪ್ರೆಸ್:
ಏನಾದರೂ ಮಾಡಿ, ‘ಕ್ರಿಯೇಟ್’ ಮಾತ್ರ ಕೊಡಬೇಡಿ. ನಾನು ಕೊಟ್ಟೆ. ಲಗ್ನಪತ್ರಿಕೆ ಸೀಸನ್, ಹನ್ನೊಂದು ವರ್ಷದ ಡಿಸೈನ್. ಗಾಬರಿಯಲ್ಲಿ, ಇರುವ ಅರೇಯನ್ನೇ ಮತ್ತೆ ಜೋಡಿಸುವ ‘ಅಸೆಂಬಲ್’ ಬದಲು ಹೊಸ ಅರೇ ಕಟ್ಟುವ ‘ಕ್ರಿಯೇಟ್’ ಒತ್ತಿದೆ. ನನ್ನ ಹಳೇ ಅರೇಯ ಚಂಕ್ (ಒಂದೊಂದು ಡಿಸ್ಕ್ ಮೇಲೆ ಸರದಿಯಂತೆ ಬರೆಯುವ ತುಂಡು) 64 ಕೆಬಿ. ರೇಡ್ ನಡೆಸುವ ಎಂಡಿಆಡ್ಮ್ ಪ್ರೋಗ್ರಾಂ ಹೊಸದು, ಅದು ತಾನಾಗಿ 512 ಹಾಕಿತು. ಡಿಸ್ಕ್‌ಗಳ ಸಾಲೂ ತಪ್ಪಿತು, ಕೊನೆಯ ಡಿಸ್ಕ್ ಮೇಲೆ ಹೊಸದಾಗಿ ಬರೆಯುವುದಕ್ಕೂ ಶುರುವಾಯಿತು. ನಲವತ್ತು ನಿಮಿಷ ನನಗೆ ಗೊತ್ತೇ ಆಗಲಿಲ್ಲ. ಬೆಂಗಳೂರಿಗೆ ಒಯ್ದೆ. ತಪಾಸಣೆಗೆ 3,500, ಕೆಲಸಕ್ಕೆ 46,000, ಹೊಸ ಡಿಸ್ಕ್‌ಗೆ 9,200, ಎರಡು ಸಲ ಬಸ್ ಚಾರ್ಜ್ ಬೇರೆ. ಅರ್ಧ ಫೈಲ್ ಬಂದವು. ಉಳಿದ ಗಿರಾಕಿಗಳಿಗೆ ಪುಕ್ಕಟೆ ಮತ್ತೆ ಡಿಸೈನ್ ಮಾಡಿಕೊಟ್ಟೆ.

ಬ್ಯಾಡಗಿ:
ಮೂಲ ತಪ್ಪೇ ರೇಡ್ 5. ನನ್ನದು 8 ಟಿಬಿ ಡಿಸ್ಕ್. ಒಂದು ಹೋಯಿತು, ಹೊಸದು ಹಾಕಿದೆ. ಅದರಲ್ಲಿ ಡೇಟಾ ಮತ್ತೆ ತುಂಬುವ ಕೆಲಸ ಮೊದಲ ಕೆಲವು ತಾಸು ಜೋರಾಗಿ ಓಡಿತು, ಆಮೇಲೆ ಸೆಕೆಂಡಿಗೆ 10 ಎಂಬಿಗೆ ಇಳಿಯಿತು. ಒಂಬತ್ತು ದಿನ! ಮೆಣಸಿನಕಾಯಿ ಪೇಟೆ ಜೋರಿದ್ದಾಗ ಲೆಕ್ಕವೆಲ್ಲ ಅದರಲ್ಲಿ. ನಿದ್ದೆ ಇರಲಿಲ್ಲ. ಆಮೇಲೆ ತಿಳಿಯಿತು, ಅಂಗಡಿಯವರು ಕೊಟ್ಟಿದ್ದು ಎಸ್‌ಎಂಆರ್ ಡಿಸ್ಕ್. ಹೆಂಚಿನ ಹಾಗೆ ಒಂದರ ಮೇಲೊಂದು ಟ್ರ್ಯಾಕ್ ಬರೆಯುತ್ತದೆ, ಒಂದನ್ನು ತಿದ್ದಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಈಗ ಟ್ರ್ಯಾಕ್ ಒಂದರ ಮೇಲೊಂದು ಬಾರದ ಸಿಎಂಆರ್, ಎರಡೇ ಡಿಸ್ಕ್, ಮಿರರ್ (ಎರಡರಲ್ಲೂ ಒಂದೇ ಡೇಟಾ). 34,000 ಆಯಿತು, ಆಗಲಿ.

ಹುಬ್ಬಳ್ಳಿ, ವಿದ್ಯಾನಗರ:
ಅವರು ಕೇಳಿದ್ದೇನು, ನೀವು ಹೇಳುತ್ತಿರುವುದೇನು ಸರ್? ಮೊದಲು ಕೇಬಲ್ ನೋಡಿ. ನಾನು 4,200 ಕೊಟ್ಟು ಪವರ್ ಸಪ್ಲೈ ಬದಲಿಸಿದೆ, 7,800ಕ್ಕೆ ಬೋರ್ಡ್, ಒಂದು ಒಳ್ಳೆಯ ಡಿಸ್ಕನ್ನೇ ಕೆಟ್ಟಿದೆ ಎಂದು ಮಾರಿದೆ. ಕೊನೆಗೆ ನೋಡಿದರೆ ದೋಷ ಇದ್ದದ್ದು ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ 150 ರೂಪಾಯಿಯ ಸಾಟಾ ಕೇಬಲ್‌ನಲ್ಲಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 199 ನಂಬರಿನ ಸಾಲು ನೋಡಿ, ಸಿಆರ್‌ಸಿ ಎರರ್, ಅಂದರೆ ದಾರಿಯಲ್ಲಿ ಡೇಟಾ ಕೆಟ್ಟ ಲೆಕ್ಕ. ಕೇಬಲ್ ಬದಲಿಸಿದರೂ ಆ ಅಂಕಿ ಸೊನ್ನೆಗೆ ಬರುವುದಿಲ್ಲ, ಮುಂದೆ ಏರುತ್ತಿದೆಯಾ ಅಂತ ಮಾತ್ರ ನೋಡಬೇಕು. 5 ಮತ್ತು 197 ನಂಬರಿನ ಸಾಲು (ಡಿಸ್ಕ್‌ನಲ್ಲಿ ಕೆಟ್ಟ, ಓದಲಾಗದ ಜಾಗದ ಲೆಕ್ಕ) ಏರುತ್ತಿದ್ದರೆ ಆಗ ಡಿಸ್ಕ್ ಮೇಲೆ ಸಂಶಯಪಡಿ.

ಬ್ಯಾಡಗಿ:
ಒಂಬತ್ತು ದಿನ ಕೂತವನಿಗೆ ನೀವು ಕೇಬಲ್ ಪಾಠ ಹೇಳಬೇಡಿ.

ಹುಬ್ಬಳ್ಳಿ, ವಿದ್ಯಾನಗರ:
ನಿಮಗಲ್ಲ, ಅವರಿಗೆ ಹೇಳಿದ್ದು. ಡಿಸ್ಕ್ ಕೊಳ್ಳುವಾಗ ಮಾಡೆಲ್ ನಂಬರ್ ನೋಡದೇ ಇದ್ದದ್ದು ನೀವು, ಅದಕ್ಕೆ ರೇಡ್ 5 ಏನು ಮಾಡುತ್ತದೆ?

ಹಾವೇರಿ:
ಇನ್ವರ್ಟರ್ ಇರಲಿಲ್ವಾ? ನಮ್ಮಲ್ಲಿ ಐದು ವರ್ಷದಿಂದ ಇದೆ, ಒಂದು ದಿನವೂ ತೊಂದರೆ ಇಲ್ಲ.

ಗದಗ, ಪ್ರೆಸ್:
ಇನ್ವರ್ಟರ್ ನನ್ನಲ್ಲೂ ಇತ್ತು ರೀ! ಬದಲಾಗುವ ಆ ಕ್ಷಣದಲ್ಲೇ ಸರ್ವರ್ ರೀಸ್ಟಾರ್ಟ್ ಆಗುತ್ತಿತ್ತು. ಯುಪಿಎಸ್ ಬೇರೆ ಬೇಕು, ಬ್ಯಾಟರಿ ಇಳಿದಾಗ ಸರ್ವರ್‌ಗೆ ಬಂದ್ ಆಗು ಅಂತ ಹೇಳುವಂಥದ್ದು.

ಹಾವೇರಿ:
ನಿಮ್ಮ ಇನ್ವರ್ಟರ್ ಕಳಪೆ ಇರಬೇಕು. ಬೇಗ ಬದಲಾಗುವ ಯುಪಿಎಸ್ ಮೋಡ್ ಹಾಕಿದ್ರಾ?

ಧಾರವಾಡ, ಸಪ್ತಾಪುರ:
ಕೇಬಲ್ ಬದಲಿಸಿದೆ, ನಾಲ್ಕೂ ಕಂಡವು! ‘ಎಕ್ಸಾಮಿನ್’ ಮಾಡಿದರೆ ಮೂರರ ಇವೆಂಟ್ ಸಂಖ್ಯೆ (ಅರೇಯಲ್ಲಿ ಬದಲಾವಣೆ ಆದಂತೆ ಏರುವ ಲೆಕ್ಕ) ಒಂದೇ, ನಾಲ್ಕನೆಯದು ತುಂಬಾ ಹಿಂದಿದೆ. ಅರೇ ಇನ್ನೂ ಎದ್ದಿಲ್ಲ.

ಗದಗ, ಪ್ರೆಸ್:
ಆ ನಾಲ್ಕನೆಯದು ಕರೆಂಟ್ ಹೋಗುವ ಮೊದಲೇ ಬಿದ್ದಿತ್ತು. ಒಂದು ಡಿಸ್ಕ್ ಇಲ್ಲ, ಮೇಲಿಂದ ಅರೆಬರೆ ಬಂದ್ ಆಗಿದೆ, ಅದಕ್ಕೇ ಏಳಲು ಒಪ್ಪುತ್ತಿಲ್ಲ. ಅದನ್ನು ಹೊರಗಿಡಿ. ಉಳಿದ ಮೂರನ್ನು ‘ಅಸೆಂಬಲ್’, ಜೊತೆಗೆ ‘ಫೋರ್ಸ್’, ಅಂದರೆ ಒಪ್ಪದಿದ್ದರೂ ಎಬ್ಬಿಸು ಅಂತ. ಓದಲು ಮಾತ್ರ ಆಗುವಂತೆ ಮೌಂಟ್ ಮಾಡಿ (ತೆರೆಯಿರಿ). ಹಾಡುಗಳು ಬೇರೆ ಡಿಸ್ಕ್‌ಗೆ ಹೋಗುವವರೆಗೆ ನಾಲ್ಕನೆಯದನ್ನು ಸೇರಿಸಬೇಡಿ.

ಬ್ಯಾಡಗಿ:
ಆ ಬೇರೆ ಡಿಸ್ಕ್ ಸಿಎಂಆರ್ ಇರಲಿ.

ಹುಬ್ಬಳ್ಳಿ, ವಿದ್ಯಾನಗರ:
ಸುಮ್ನೆ ನಕಲಿಗೆ ಯಾವುದಾದರೂ ನಡೆಯುತ್ತದೆ ಸರ್. ಅವರನ್ನು ಹೆದರಿಸಬೇಡಿ.