ಅಪ್‌ವರ್ಕ್: ಕೂತ ಗಂಟೆಗೂ ಬಿಲ್ ಆದ ಗಂಟೆಗೂ ತಾಳೆನೇ ಆಗ್ತಿಲ್ಲ

ಪಿಕ್ಸೆಲ್‌ಪುಟ್ಟ:
ಫ್ರೀಲ್ಯಾನ್ಸ್ ಕೆಲಸ ಸಿಗೋ ಸೈಟ್ ಅಪ್‌ವರ್ಕ್‌ನಲ್ಲಿ ನನ್ನದು ವೆಬ್ ಡಿಸೈನ್ ಕೆಲಸ. ಹೆಚ್ಚಿನವು ಗಂಟೆ ಲೆಕ್ಕದ್ದು, ಜೊತೆಗೆ ಒಂದೆರಡು ಫಿಕ್ಸೆಡ್ (ಇಡೀ ಕೆಲಸಕ್ಕೆ ಒಂದೇ ಮೊತ್ತ). ದಿನವಿಡೀ ಕೂತರೂ ಬಿಲ್ ಆಗೋದು ಅರ್ಧಕ್ಕಿಂತ ತುಸು ಜಾಸ್ತಿ ಅಷ್ಟೆ. ವೇಗ ಹೆಚ್ಚಿಸಬೇಕಾ, ರೇಟಾ? ಗಂಟೆ ಎಣಿಸೋ ಅಪ್‌ವರ್ಕ್ ಟ್ರ್ಯಾಕರ್‌ನಲ್ಲಿ ಆಕ್ಟಿವಿಟಿ ಕಡಿಮೆ ಬಂದ್ರೆ ದುಡ್ಡಿಗೆ ತೊಂದರೆನಾ?

ಲೆಕ್ಕದಪುಸ್ತಕ:
ವೇಗದ ಮಾತು ಆಮೇಲೆ, ಮೊದಲು ಅಸಲಿ ರೇಟ್ ನೋಡಿ. ಗಂಟೆಗೆ 20 ಡಾಲರ್, 40 ಗಂಟೆಯಲ್ಲಿ 22 ಬಿಲ್ ಆಯ್ತು ಅಂದ್ಕೊಳ್ಳಿ: 440. ಅಪ್‌ವರ್ಕ್ ಕಮಿಷನ್ 10% ಅಂತ ಹಿಡಿದ್ರೆ ಕೈಗೆ 396. ಇದನ್ನ 22ರಿಂದ ಅಲ್ಲ, 40ರಿಂದ ಭಾಗಿಸಿ: 9.90. ಪ್ರೊಫೈಲ್‌ನಲ್ಲಿ ಹಾಕಿರೋ ರೇಟಿನ ಅರ್ಧವೂ ಇಲ್ಲ. ಗಂಟೆ ಲೆಕ್ಕದ ಕೆಲಸ ಬೇಗ ಮುಗಿಸಿದ್ರೆ ಬಿಲ್ಲೇ ಇಳಿಯುತ್ತೆ. ಚುರುಕಿನ ಲಾಭ ನೇರವಾಗಿ ಸಿಗೋದು ಫಿಕ್ಸೆಡ್‌ನಲ್ಲಿ.

ಉಳಿದ 18 ಗಂಟೆ ಎಲ್ಲಿ ಸೋರುತ್ತೆ ಅಂತ ಎರಡು ವಾರ ಬರೆದಿಡಿ: ಪ್ರಪೋಸಲ್ (ಕೆಲಸ ಕೇಳಿ ಹಾಕೋ ಅರ್ಜಿ), ಚಾಟ್, ಬಿಟ್ಟಿ ತಿದ್ದುಪಡಿ. ಸಾಮಾನ್ಯವಾಗಿ ದೊಡ್ಡ ತೂತು ಪ್ರಪೋಸಲ್ಲೇ. ಒಂದಕ್ಕೆ ಅರ್ಧ ಗಂಟೆ ಹಿಡಿದು, 20ಕ್ಕೆ ಒಂದು ಗಿಟ್ಟಿದ್ರೆ ಆ ಕೆಲಸದ ತಲೆ ಮೇಲೆ ಆಗಲೇ 10 ಗಂಟೆ ಕೂತಿರುತ್ತೆ. ಅದು 5 ಗಂಟೆಯ ಲ್ಯಾಂಡಿಂಗ್ ಪೇಜ್ ಆಗಿದ್ರೆ ಸಿಗದೇ ಇದ್ದಿದ್ರೇ ವಾಸಿ! ಪೇಮೆಂಟ್ ವೆರಿಫೈ ಆಗದ, ಹೈರ್ ರೇಟ್ (ಹಾಕಿದ ಕೆಲಸಗಳಲ್ಲಿ ನಿಜಕ್ಕೂ ಜನರನ್ನ ತಗೊಂಡ ಪ್ರಮಾಣ) ತೀರಾ ಕಡಿಮೆ ಇರೋ ಕ್ಲೈಂಟ್‌ಗಳಿಗೆ ಕನೆಕ್ಟ್ಸ್ (ಪ್ರಪೋಸಲ್ ಹಾಕೋಕೆ ಖರ್ಚಾಗೋ ಟೋಕನ್) ಸುರೀಬೇಡಿ. ಹಳೇ ಕ್ಲೈಂಟ್ ಕೊಡೋ ಮುಂದಿನ ಕೆಲಸಕ್ಕೆ ಈ ಖರ್ಚೇ ಇಲ್ಲ.

ರಾತ್ರಿಪಾಳಿ:
ಟ್ರ್ಯಾಕರ್ ಪ್ರತಿ 10 ನಿಮಿಷಕ್ಕೆ ಒಂದು ಸ್ಕ್ರೀನ್‌ಶಾಟ್ ತೆಗೆಯುತ್ತೆ, ಯಾವ ಗಳಿಗೆಯಲ್ಲಿ ಅಂತ ಹೇಳೋಕಾಗಲ್ಲ. ಆಕ್ಟಿವಿಟಿ ಅಂದ್ರೆ ಕೀಬೋರ್ಡ್, ಮೌಸ್ ಎಣಿಕೆ. ತಲೆ ಓಡಿಸಿದ್ದು ಅದರ ಲೆಕ್ಕಕ್ಕಿಲ್ಲ. ಆಕ್ಟಿವಿಟಿ ತೀರಾ ಕಮ್ಮಿ ಇದ್ದು ಕ್ಲೈಂಟ್ ತಕರಾರು ತೆಗೆದ್ರೆ ಪಾವತಿ ರಕ್ಷಣೆ (ಗಂಟೆ ಲೆಕ್ಕದ ದುಡ್ಡಿಗೆ ಅಪ್‌ವರ್ಕ್ ಕೊಡೋ ಭರವಸೆ) ಕೈತಪ್ಪಬಹುದು. ಮ್ಯಾನುವಲ್ ಆಗಿ ಸೇರಿಸಿದ ಸಮಯಕ್ಕಂತೂ ರಕ್ಷಣೆನೇ ಇಲ್ಲ. ಟ್ರ್ಯಾಕರ್‌ನ ಮೆಮೊದಲ್ಲಿ (ಏನು ಮಾಡ್ತಿದ್ದೀರಿ ಅನ್ನೋ ಟಿಪ್ಪಣಿ) ಬರೀ ‘ಡಿಸೈನ್’ ಅನ್ನಬೇಡಿ, ‘ಚೆಕ್‌ಔಟ್ ಪುಟ, ಮೊಬೈಲ್ ಲೇಔಟ್’ ಅಂತ ಬರೀರಿ. ಬೇಡದ ಸ್ಕ್ರೀನ್‌ಶಾಟ್ ಅಳಿಸಿದ್ರೆ ಆ 10 ನಿಮಿಷದ ದುಡ್ಡೂ ಹೋಗುತ್ತೆ. ಟ್ರ್ಯಾಕರ್ ದಾಖಲಿಸಿದ ಆ ವಾರದ ಡೈರಿ ತಿದ್ದೋಕೆ ಸೋಮವಾರ ಮಧ್ಯಾಹ್ನ 12ರವರೆಗೆ ಅವಕಾಶ, ಅದೂ ಯುಟಿಸಿ (ಅಂತರರಾಷ್ಟ್ರೀಯ) ಸಮಯ, ನಮ್ಮದಲ್ಲ.

ಕರಡುತಿದ್ದುವವ:
ಫಿಕ್ಸೆಡ್‌ನಲ್ಲಿ ಮೈಲ್‌ಸ್ಟೋನ್ (ಕೆಲಸದ ಒಂದು ಹಂತ) ಹಣ ಎಸ್ಕ್ರೋಗೆ, ಅಂದ್ರೆ ಮೊದಲೇ ಕಟ್ಟಿಸಿ ಇಟ್ಕೊಳ್ಳೋ ಖಾತೆಗೆ, ಬೀಳೋವರೆಗೂ ಫೈಲ್ ತೆರೀಬೇಡಿ. ‘ತಿದ್ದುಪಡಿ 2 ಸುತ್ತು, ಆಮೇಲೆ ಹೊಸ ಮೈಲ್‌ಸ್ಟೋನ್’ ಅಂತ ಒಪ್ಪಂದದಲ್ಲೇ ಇರಲಿ. ಇನ್ನೊಂದು, ಕೆಲಸ ಮುಗಿದ ಮೇಲೆ ಬರೀ ಚಾಟ್‌ನಲ್ಲಿ ಫೈಲ್ ಕಳಿಸಿ ಕಾಯ್ತಾ ಕೂರ್ತಾರೆ ಜನ. ಸಬ್‌ಮಿಟ್ ಒತ್ತಿದ್ರೆ ಮಾತ್ರ 14 ದಿನದ ಎಣಿಕೆ ಶುರು, ಅದು ಮುಗಿದ್ರೆ ಕ್ಲೈಂಟ್ ಸುಮ್ಮನಿದ್ರೂ ಹಣ ಬಿಡುಗಡೆ. ಇಂಥದ್ದೇ ಇನ್ನೊಂದು ಸೈಟ್ ಫೈವರ್‌ನಲ್ಲೂ ಇದ್ರೆ ಅಲ್ಲಿ ಕಮಿಷನ್ 20%, ಇಲ್ಲಿನ ರೇಟನ್ನೇ ಅಲ್ಲಿ ಹಾಕಬೇಡಿ.

ಪಿಕ್ಸೆಲ್‌ಪುಟ್ಟ:
ಹಾಗಾದ್ರೆ ರೇಟ್ ಹೆಚ್ಚಿಸೋದು ಯಾವಾಗ?

ಲೆಕ್ಕದಪುಸ್ತಕ:
ಹೊಸ ಕ್ಲೈಂಟ್‌ಗಳಿಗೆ ಈಗಲೇ. ಹಳಬರಿಗೆ ಕೆಲಸದ ನಡುವೆ ಬೇಡ, ಮುಂದಿನ ಕಾಂಟ್ರ್ಯಾಕ್ಟ್‌ನಲ್ಲಿ ಕೇಳಿ.